ನನ್ನ ಕಡೆಯವರು

ಬೆನಿ ಮೆಲ್ಲಾಲ್, ಗುರುವಾರ

ಹಾಜ್ ಅಲ್ಲಾಲರಿಗೆ ಸಲಾಂ.

ಹಿರಿಯರೊಂದಿಗೆ ಬಂದು ನಿಮ್ಮ ಮಗಳು ಬತೂಲಳನ್ನು ಕೇಳು ಎಂದು ನನಗೆ ಹೇಳಿದ್ದಿರಿ. ನನಗೆ ಹಿಂದೆ ಮುಂದೆ ಯಾರೂ ಇಲ್ಲ, ತಂದೆಯಂತೂ ಇಲ್ಲ. ತಾಂಜಿಯರಿನಿಂದ ಒಬ್ಬನೇ ಹೊರಟೆ.

ರೈಲಿನಲ್ಲಿ ಎದುರು ಕೂತಿದ್ದ ಲಲ್ಲಾ ಹನಿಯಾ ಎಂಬ ಹಿರಿಯ ಹೆಂಗಸು ವಿಷಯ ಕೇಳಿ, "ಅಯ್ಯೋ ಮಗನೇ, ಒಂಟಿಯಾಗಿ ಹೋದ್ರೆ ಯಾರು ಹೆಣ್ಣು ಕೊಡ್ತಾರೆ? ನಾನೇ ನಿನ್ನ ಸೋದರತ್ತೆ, ನಡಿ!" ಎಂದರು. ಫೆಸ್‌ನ ಕ್ಷೌರಿಕ ಜಿಲಾಲಿ ನನ್ನ ಗಡ್ಡ ಹೆರೆಯುತ್ತಲೇ ಚಿಕ್ಕಪ್ಪನಾಗಿ, ಹೆಣ್ಣು ಕೇಳಲು ಒಯ್ಯುವ ಸಕ್ಕರೆ ಅಚ್ಚು ಹೊತ್ತು ಹೊರಟ. ಅಲ್ಲಿಂದ ನಮ್ಮನ್ನು ಕರೆತರುತ್ತಿರುವ ಟ್ಯಾಕ್ಸಿಯವನು "ನಾನು ಮಾವ" ಎಂದ. "ಮೂತಿ ನೋಡ್ಕೋ, ಭಾವ ಆದ್ರೆ ಸಾಕು" ಎಂದರು ಅತ್ತೆ.

ಯಾರೂ ರಕ್ತಸಂಬಂಧಿಗಳಲ್ಲ, ಮುಚ್ಚಿಡಲಾರೆ. ಈ ಪತ್ರ ಬಸ್ಸಿನವನ ಕೈಯಲ್ಲಿ ಮೊದಲೇ ಬರುತ್ತದೆ. ನಾವು ನಾಳೆ ಮಧ್ಯಾಹ್ನ ಮರಾಕೆಶ್ ತಲುಪುತ್ತೇವೆ. ಕುಸ್ಕುಸ್ ನಾಲ್ವರಿಗೆ ಬೇಯಿಸಿಡಿ. ಬತೂಲಳನ್ನು ಕೊಡಲಾರೆನೆಂದರೆ ನಾನು ಸಹಿಸಿಕೊಳ್ಳುತ್ತೇನೆ. ಅತ್ತೆಗೆ ಮಾತ್ರ ನೀವೇ ಹೇಳಬೇಕು; ಅವರು ಆಗಲೇ ಸೊಸೆಗೆಂದು ಬಳೆ ಕೊಂಡಿದ್ದಾರೆ.

ನಿಮ್ಮ ಒಪ್ಪಿಗೆಗೆ ಕಾದಿರುವ,
ಬುಸೆಲ್ಹಾಮ್