ಒಂದೇ ದನಿಯ ಇಂಗ್ಲಿಷ್

ಧಾರವಾಡ,
೩ ಸೆಪ್ಟೆಂಬರ್ ೧೯೩೪

ಅಮ್ಮಿನಬಾವಿಯ ಗುಲಾಬಸಾಬರಿಗೆ ಬಾಳಕೃಷ್ಣ ಮಾಸ್ತರನ ನಮಸ್ಕಾರಗಳು.

ನಿಮ್ಮ ಮಗ ಮಜೀದ ರೇಲ್ವೆ ಗುಮಾಸ್ತರ ಪರೀಕ್ಷೆಯಲ್ಲಿ ನಪಾಸಾದಾಗ ನೀವು ನನ್ನ ಮನೆಗೆ ಬಂದು, ಅವನೆದುರಿಗೇ, “ಇವನ ಕಿವೀನ ಮಂದ ಅದಾವ್ರಿ ಮಾಸ್ತರ. ತಾಮ್ರ ಬಡಿಯೋ ಸಪ್ಪಳದಾಗ ಬೆಳದಾನ, ಇಂಗ್ಲೀಷ ಎಲ್ಲಿಂದ ಹೊಕ್ಕೀತು? ಇನ್ನ ಅಂಗಡ್ಯಾಗ ಕೂಡ್ಲಿ” ಎಂದಿರಿ. ಅವನು ತಲೆ ತಗ್ಗಿಸಿದ. ನಾನು ನಿಮಗೆ ಚಹಾ ಕೊಟ್ಟು ಕಳುಹಿಸಿದೆ.

ಪರೀಕ್ಷೆಯಲ್ಲಿ ಬಿಳಿಯ ಸಾಹೇಬರು ಇಂಗ್ಲಿಷನ್ನು ತಮ್ಮ ಧಾಟಿಯಲ್ಲಿ, ವೇಗವಾಗಿ, ಒಮ್ಮೆ ಮಾತ್ರ ಓದುತ್ತಾರೆ, ಕೇಳಿ ಬರೆಯಬೇಕು. ನಾನು ಎರಡು ವರ್ಷ ಪ್ರತಿ ಪದವನ್ನೂ ಬಿಡಿಸಿ, ಅವನ ಲೇಖನಿ ನಿಲ್ಲುವವರೆಗೆ ಕಾದು ಓದಿದೆ. ತಪ್ಪಿಲ್ಲದ ಪುಟ ನೋಡುವ ಸಂತೋಷ ನನಗೆ ಬೇಕಾಗಿತ್ತು. ಅವನ ಕಿವಿಗೆ ರೂಢಿಯಾದದ್ದು ನನ್ನ ದನಿ ಮಾತ್ರ.

ಮೊನ್ನೆ ಮಿಶನ್ ಬಂಗಲೆಯ ಮೇಮಸಾಹೇಬರಿಂದ ಒಂದು ಪುಟ ಓದಿಸಿ ಕೇಳಿದೆ. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೇ ಅರ್ಧ ತಿಳಿಯಲಿಲ್ಲ. ಪ್ರತಿ ಶನಿವಾರ ಮಜೀದನಿಗೆ ಓದಿ ಬರೆಸಲು ಅವರು ಒಪ್ಪಿದ್ದಾರೆ. ಡಿಸೆಂಬರಿನ ಪರೀಕ್ಷೆಗೆ ಮಾತ್ರ ಅವನ ವಯಸ್ಸು ನಡೆಯುತ್ತದೆ, ಆಮೇಲೆ ಇಲ್ಲ. ದಯವಿಟ್ಟು ಅವರಲ್ಲಿಗೆ ಕಳುಹಿಸಿರಿ. ನನ್ನ ಮನೆಗೆ ಬೇಡ; ಬಂದರೆ ನಾನು ಮತ್ತೆ ನಿಧಾನವಾಗಿ ಓದುತ್ತೇನೆ.

ಈ ಪತ್ರವನ್ನು ನಿಮಗೆ ಓದಿ ಹೇಳುತ್ತಿರುವವನು ಅವನೇ ಎಂದು ಬಲ್ಲೆ. ಮುಂದಿನ ಸಾಲನ್ನು ಅವನಿಂದ ಎರಡು ಸಲ ಓದಿಸಿರಿ: ಮಜೀದನ ಕಿವಿ ಮಂದವಲ್ಲ, ತಪ್ಪು ಮಾಸ್ತರನದು.

ನಿಮ್ಮವ,
ಬಾಳಕೃಷ್ಣ