ರೆಫರೆನ್ಸ್ ಪಟ್ಟಿಯಲ್ಲಿ ನಿಮ್ಮ ಹೆಸರು

ಸರ್,

ಚಿಕ್ಕೋಡಿಯಿಂದ ನಿಮ್ಮ ಶಿಷ್ಯನ ನಮಸ್ಕಾರ. ಬೆಲ್ಲದ ಗಾಣದ ಒಲೆಯ ಮೇಲೆ ನಾನು ಬರೆದ ಲೇಖನ ಕೊನೆಗೂ ಜರ್ನಲ್‌ನಲ್ಲಿ ಅಚ್ಚಾಯಿತು. ನೀವು ಹೋಗಿ ವರ್ಷ ದಾಟಿತಲ್ಲ, ಆ ವರ್ಷವೆಲ್ಲ ಲೇಖನದ ಕೊನೆಯ ರೆಫರೆನ್ಸ್ ಪಟ್ಟಿ ನನ್ನ ತಲೆ ತಿಂದಿದೆ. ಒಲೆಯ ಬಗ್ಗೆ ಬರೆಯುವುದು ಸುಲಭವಿತ್ತು. ಯಾರು, ಎಲ್ಲಿ, ಯಾವ ಪುಟದಲ್ಲಿ ಏನು ಹೇಳಿದ್ದಾರೆ ಎಂಬುದನ್ನು ಜರ್ನಲ್‌ನವರು ಕೇಳಿದ ಹಾಗೆ ಜೋಡಿಸುವುದಿದೆಯಲ್ಲ... ಸಾಕಾಗಿ ಹೋಗಿದೆ ಸರ್.

ರಾಯಬಾಗದ ಹತ್ತಿರದ ಆ ಗಾಣ ನೆನಪಿದೆಯೇ? ಪ್ಯಾಂಟು ಮಡಚಿಕೊಂಡು ನೀವು ಒಲೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಹೊಗೆಯ ಬಿಸಿ ಅಳೆಯುತ್ತಿದ್ದಿರಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಗಾಣದ ಮಾಲಕ ಬಂದು, "ಏನ್ ನೋಡಾಕತ್ತೀರಿ ಸಾಹೇಬ್ರ?" ಎಂದ. "ನಿಮ್ಮ ಅರ್ಧ ಬೆಂಕಿ ಚಿಮಣ್ಯಾಗ ಹಾದು ಹೋಗಾಕತ್ತೈತಿ. ಹಿಡ್ಯಾಕ ಬಂದೀನ್ರಿ" ಎಂದಿರಿ. ಅವನು ನಕ್ಕು, "ಹೋಗೂದನ್ನ ಹಿಡಿದವ್ರು ಯಾರ್ ಅದಾರ್ರಿ?" ಎಂದು ಒಲೆಗೆ ಕಬ್ಬಿನ ಸಿಪ್ಪೆ ತುರುಕಲು ಹೋದ. ಆ ಅಳತೆಗಳನ್ನೇ ನೀವು ಎಂಬತ್ತರ ದಶಕದಲ್ಲಿ ಒಂದು ಸಣ್ಣ ಸೆಮಿನಾರಿನಲ್ಲಿ ಓದಿದಿರಿ. ಅಲ್ಲಿಯ ಪ್ರಬಂಧಗಳನ್ನು ಸೈಕ್ಲೊಸ್ಟೈಲ್ ಮಾಡಿ ಒಂದು ಪುಸ್ತಕ ಹೊಲಿದರು. ನನ್ನ ಲೇಖನವೆಲ್ಲ ನಿಂತಿರುವುದು ಅದರ ಮೇಲೆ. ನಿಮ್ಮ ಹೆಸರನ್ನೂ ಲೇಖಕರಲ್ಲಿ ಹಾಕುತ್ತೇನೆಂದು ನಾನು ಹಟ ಹಿಡಿದರೆ ನೀವು ಒಪ್ಪಲಿಲ್ಲ. "ಬರದಾಂವ ನೀ. ನನ್ನ ಹೆಸರ ರೆಫರೆನ್ಸಿನಾಗ ಇರಲಿ, ಸಾಕು" ಎಂದಿರಿ.

ನಿಪ್ಪಾಣಿಯ ನಿಮ್ಮ ಮನೆಯ ಜಗಲಿಯ ಮೇಲೆ ನೀವು ಮೊದಲ ಸಲ ರೆಫರೆನ್ಸ್ ಕಾರ್ಡು ಮಾಡಲು ಕಲಿಸಿದ್ದು ಹಳೆಯ ಲಗ್ನಪತ್ರಿಕೆಗಳಲ್ಲಿ. ಮನೆಗೆ ಬಂದ ಪತ್ರಿಕೆಯನ್ನೆಲ್ಲ ಕತ್ತರಿಸಿ, ಒಂದಕ್ಕೆ ಒಂದು ಪುಸ್ತಕ ಎಂದು ಹಿಂಬದಿಯಲ್ಲಿ ಬರೆಸುತ್ತಿದ್ದಿರಿ. ಮುಂದೆ ಯಾರದೋ ಅಕ್ಷತೆಯ ಮುಹೂರ್ತ, ಹಿಂದೆ ಉಷ್ಣ ವಹನ! "ಕೈಯಾಗ ಹಿಡದ ನೋಡದ ಪುಸ್ತಕದ ಹೆಸರ ಹಾಕಬ್ಯಾಡೋ. ಉಣದನs ಊಟ ಛಲೋ ಇತ್ತು ಅಂದಂಗ ಆಕೈತಿ" ಎನ್ನುತ್ತಿದ್ದಿರಿ. ನಾನೋ, ಹಿರಿಯರ ಹೆಸರು ಬೋಳಾಗಿ ಹೇಗೆ ಬರೆಯಲಿ ಎಂದು ಎಲ್ಲರಿಗೂ 'ಶ್ರೀ' ಹಚ್ಚಿಕೊಂಡು ಬಂದಿದ್ದೆ. ಒಬ್ಬ ಜರ್ಮನ್ ಲೇಖಕನಿಗೂ! "ಇವಗೂ ಶ್ರೀ? ತಗೋ, ಕುಂಕುಮಾನೂ ಹಚ್ಚಿಬಿಡು" ಎಂದು ನೀವು ನಕ್ಕ ನಗೆಗೆ ನಿಮ್ಮ ಮನೆಯವರು, ನನ್ನ ಪಾಲಿನ ಕಾಕು, ಅಡುಗೆಮನೆಯಿಂದ ಇಣುಕಿ ನೋಡಿದರು. ಆಮೇಲೆ ನೀವೇ ಸಮಾಧಾನ ಹೇಳಿದಿರಿ: "ಇಲ್ಲಿ ಎಲ್ಲಾರಿಗೂ ಬರೇ ಅಡ್ಡಹೆಸರಪಾ. ಅಪಮಾನ ಅಲ್ಲ, ರೀತಿ."

ಮತದಾರರ ಪಟ್ಟಿ ಬರೆಯಲು ಒಬ್ಬಾತ ಬಂದ ದಿನವೂ ನಾನು ಅಲ್ಲೇ ಇದ್ದೆ. "ಮನಿಯವರ ಹೆಸರೇನ್ರಿ ಬಾಯಾರ?" ಎಂದರೆ ಕಾಕು ನನ್ನ ಮುಖ ನೋಡಿದರು. ಗಂಡನ ಹೆಸರು ಹೇಳಬಾರದಲ್ಲ. ನಾನೇ ಹೇಳಿದೆ. ನೀವು ಒಳಗಿನಿಂದ ಕೂಗಿದಿರಿ: "ಲಗ್ನದಾಗ ಒಡಪ ಹಾಕಿ ಒಮ್ಮಿ ನನ್ನ ಹೆಸರ ಹೇಳ್ಯಾಳ ನೋಡ್ರಿ. ಆವತ್ತ ವಾಜಂತ್ರಿಯವರ ಗದ್ದಲದಾಗ ನನಗ ಕೇಳಿಸಲೇ ಇಲ್ಲ. ಮತ್ತೊಮ್ಮಿ ಹೇಳಂದ್ರ ಒಲ್ಲೆ ಅಂತಾಳ!" ಕಾಕು, "ಸುಮ್ನ ಕುಂದರ್ರಿ" ಎಂದು ಒಳಗೆ ಹೋದರು. ಇಡೀ ಸಂಸಾರದಲ್ಲಿ ಅವರು ನಿಮ್ಮನ್ನು 'ಅವರು' ಎಂದಷ್ಟೇ ಕರೆದದ್ದು, ಅಲ್ಲವೇ?

ಲೇಖನ ಜರ್ನಲ್‌ನಿಂದ ತಿದ್ದುಪಡಿಗೆ ವಾಪಸು ಬಂದಾಗ ನಿಮ್ಮ ತಿಂಗಳ ಪೂಜೆ ಆಗಷ್ಟೇ ಮುಗಿದಿತ್ತು. ನಂಬರಿನ ಪ್ರಕಾರ ಇದ್ದ ಪಟ್ಟಿಯನ್ನು ಅಡ್ಡಹೆಸರಿನ ಅಕಾರಾದಿಗೆ ತಿರುಗಿಸಬೇಕಂತೆ. ಇಸವಿಗೆ ಕಂಸ ಬೇಕಂತೆ, ಜರ್ನಲ್ ಹೆಸರಿನ ಕೆಳಗೆ ಗೆರೆ ಬೇಕಂತೆ. ಒಂದು ಕಡೆ ತಿದ್ದಿದರೆ ಪುಟ ಪೂರ್ತಿ ಮತ್ತೆ ಟೈಪು. ಅದೆಲ್ಲ ಹೋಗಲಿ. ನಿಮ್ಮ ಹೆಸರಿನ ಹಿಂದೆ ನಾನು 'ದಿವಂಗತ' ಎಂದು ಸೇರಿಸಿದ್ದೆ. ಅದಕ್ಕೆ ಕೆಂಪು ಶಾಯಿಯ ಗೀಟು ಬಿದ್ದಿತ್ತು. ಪಕ್ಕದಲ್ಲಿ ಸಂಪಾದಕರ ಮಾತು: ಈ ಪುಸ್ತಕದ ಪ್ರಕಾಶಕರು ಯಾರು, ಪುಟ ಯಾವುದು ತಿಳಿಸಿ, ಇಲ್ಲವಾದರೆ ಈ ರೆಫರೆನ್ಸನ್ನೇ ತೆಗೆಯಿರಿ. ತೆಗೆಯುವುದೆಂದರೇನು ಸರ್? ನೀವು ನಿಮಗಾಗಿ ಕೇಳಿದ್ದು ಅದೊಂದೇ ಸಾಲು.

ನಿಮ್ಮ ಕಾರ್ಡಿನ ಡಬ್ಬಿ ತೆಗೆದ ದಿನ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಎಲ್ಲರ ಪುಟವನ್ನೂ ಬರೆದಿಟ್ಟ ನೀವು ನಿಮ್ಮದೇ ಪ್ರಬಂಧದ ಪುಟವನ್ನು ಖಾಲಿ ಬಿಟ್ಟಿದ್ದಿರಿ. ಪುಸ್ತಕವನ್ನು ಯಾರಿಗೋ ಓದಲು ಕೊಟ್ಟಿದ್ದಿರಂತೆ, ಅದು ತಿರುಗಿ ಬರಲಿಲ್ಲವಂತೆ. ನಿಮ್ಮ ನಿಯಮ ಮುರಿದು ಅಂದಾಜಿನ ಮೇಲೆ ಒಂದು ಪುಟ ಹಾಕಿಬಿಡಲೇ ಎಂದೂ ಅನಿಸಿತು. ಸೆಮಿನಾರು ನಡೆಸಿದ ಕಾಲೇಜಿನಲ್ಲಿ ಪುಸ್ತಕ ಗೆದ್ದಲು ಪಾಲಾಗಿತ್ತು. ಕೊಲ್ಹಾಪುರದ ಲೈಬ್ರರಿಯಲ್ಲಿ, ಕಾಗವಾಡದ ಒಬ್ಬರ ಮನೆಯಲ್ಲಿ, ಅಥಣಿಯಲ್ಲಿ, ಎಲ್ಲಿ ಕೇಳಿದರೂ ಇಲ್ಲ. ರಜೆ ಮುಗಿಯಿತು, ಬಸ್ಸಿನ ಧೂಳಿಗೆ ಕೆಮ್ಮು ಹತ್ತಿತು. ಮನೆಯಲ್ಲಿ ಹೆಂಡತಿ, "ಆ ಒಂದ ಸಾಲಿಗೆ ಇಷ್ಟ ತ್ರಾಸ ಯಾಕ್ರಿ?" ಎಂದಳು.

ತೆಲಸಂಗಕ್ಕೆ ಹೋದದ್ದು ಇನ್ನು ಆಸೆಯಿಲ್ಲ ಎಂದುಕೊಂಡೇ. ನಿಮ್ಮ ಜೊತೆ ಆ ಸೆಮಿನಾರಿಗೆ ಬಂದಿದ್ದ ಹಳೆಯ ಸಹೋದ್ಯೋಗಿ, ನಿವೃತ್ತಿಯಾಗಿ ಅಲ್ಲಿ ಜೋಳ ಬಿತ್ತಿಕೊಂಡಿದ್ದಾರಲ್ಲ, ಅವರ ಮನೆಗೆ. ಅಂಗಳದಲ್ಲಿ ಹೊಲಕ್ಕೆ ಬುತ್ತಿ ಒಯ್ಯುವ ರೆಕ್ಸಿನ್ ಚೀಲ ನೇತಾಡುತ್ತಿತ್ತು, ಅದರ ಮೇಲೆ ಸೆಮಿನಾರಿನ ಹೆಸರು! "ಪುಟದ ನಂಬರ ಹುಡಕ್ಕೋತ ಚಿಕ್ಕೋಡಿಯಿಂದ ಇಲ್ಲೀತನಕಾ ಬಂದ್ಯಾ? ಹುಚ್ಚ ಅದಿ" ಎಂದರು. "ಸರ್ ಹೆಸರ ಬಿಟ್ಟ ಹೋಗತೈತ್ರಿ" ಎಂದೆ. ಅವರು ಎದ್ದು ಟ್ರಂಕು ತೆಗೆದರು. ಪುಸ್ತಕ ಇತ್ತು. ಕೈಯಲ್ಲಿ ಹಿಡಿದು ನೋಡಿದೆ ಸರ್, ನೀವು ಹೇಳಿದ ಹಾಗೆಯೇ. ಆಮೇಲೆ ರೊಟ್ಟಿ ಉಣ್ಣಿಸಿಯೇ ನನ್ನನ್ನು ಬಸ್ಸು ಹತ್ತಿಸಿದರು.

ಹೋದ ರವಿವಾರ ಜರ್ನಲ್ ಹಿಡಿದುಕೊಂಡು ನಿಪ್ಪಾಣಿಗೆ ಹೋದೆ. ಕಾಕು ಕನ್ನಡಕ ಹಾಕಿಕೊಂಡು, "ಇದರಾಗ ಅವರ ಎಲ್ಲಿ ಅದಾರ?" ಎಂದರು. ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದೆ.

"ಸ್ವರ್ಗವಾಸಿ ಅಂತ ಹಾಕಿಲ್ಲಲ್ಲೋ?"

"ಇಲ್ಲಿ ಅದನ್ನ ಹಾಕೂದಿಲ್ಲ ಕಾಕು. ಇದ್ದವರಿಗೂ ಹೋದವರಿಗೂ ಒಂದs ರೀತಿ."

"ಹಂಗಾದ್ರ ಛಲೋ ಆತು" ಎಂದು ಸ್ವಲ್ಪ ಹೊತ್ತು ಆ ಸಾಲನ್ನೇ ಸವರಿದರು. ಆಮೇಲೆ ಬೆರಳು ನಿಂತಿತು. "ಅಡ್ಡಹೆಸರಿನ ಮುಂದ ಇದೇನ, ಒಂದ ಅಕ್ಷರ ಬರದ ಚುಕ್ಕಿ ಇಟ್ಟಾರ?"

"ಅದು ಸರ್ ಹೆಸರು. ಮೊದಲನೇ ಅಕ್ಷರ ಅಷ್ಟs ಹಾಕತಾರ."

ಕಾಕುಗೆ ನಿಜವಾಗಿಯೂ ಸಿಟ್ಟು ಬಂತು ಸರ್. "ಯಾಕ, ಜಾಗಾ ಇರಲಿಲ್ಲೇನು? ನೇಮಿನಾಥ ಅಂತ ಪೂರಾ ಬರದಿದ್ರ ಅವರ ಗಂಟೇನ ಹೋಗತಿತ್ತು?"

ಹೆಸರು ಹೇಳಿದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ. ಚಹಾ ಇಡಲು ಎದ್ದು ಹೋದರು. ನಾನು ಜಗಲಿಯ ಮೇಲೆ ಕೂತೆ. ಇಷ್ಟು ದಿನದ ದಣಿವೆಲ್ಲ ಒಮ್ಮೆಲೇ ಮೈಮೇಲೆ ಬಂದ ಹಾಗಾಯಿತು. ಇದನ್ನು ನಿಮಗೆ ತಿಳಿಸಬೇಕೆಂದೇ ಈ ಕಾಗದ. ಈ ಸಲ ವಾಜಂತ್ರಿಯವರು ಯಾರೂ ಇರಲಿಲ್ಲ ಸರ್. ಸ್ಪಷ್ಟವಾಗಿ ಕೇಳಿಸಿತು.