ಕಪ್ ದಿನದ ರಿವೆಟ್‌ಗಳು

ಫುಟ್ಸ್‌ಕ್ರೇ, ಮೆಲ್ಬರ್ನ್
ಭಾನುವಾರ, 20 ಆಗಸ್ಟ್ 1961

ಪ್ರೀತಿಯ ಕ್ಲೈವ್,

ಲಕೋಟೆಯ ಮೇಲಿನ ಅಕ್ಷರ ನನ್ನದೆಂದು ಗೊತ್ತಾಗಿಯೂ ನೀನು ಇದನ್ನು ಒಡೆದಿದ್ದರೆ, ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವಿಮಾನ ಕಾರ್ಖಾನೆಯವರು, ಮುಗಿಸಿದ ಕೆಲಸದ ಮೇಲೆ ನೀನು ಒತ್ತುತ್ತಿದ್ದ ನಿನ್ನ ಮುದ್ರೆ ಕಿತ್ತುಕೊಂಡದ್ದು ನನ್ನ ವರದಿಯಿಂದ. ಆ ವರದಿ ತಪ್ಪು. ಮುದ್ರೆ ನಿನಗೆ ವಾಪಸ್ ಸಿಗಬೇಕು.

ರೆಕ್ಕೆಯ ಮೇಲೆ ನೀನು ಹೊಡೆದ ರಿವೆಟ್‌ಗಳ ತಲೆ ಬಿರುಕು ಬಿಟ್ಟಾಗ, ನಿನ್ನ ಐಸ್ ಪೆಟ್ಟಿಗೆಯಿಂದ ಹನ್ನೆರಡು ಹೊಸ ರಿವೆಟ್ ತೆಗೆದು ನಮ್ಮ ಪ್ರಯೋಗಾಲಯಕ್ಕೆ ಕಳಿಸಿದ್ದರು. ಅವು ಇರಬೇಕಾದ್ದಕ್ಕಿಂತ ಬಹಳ ಗಟ್ಟಿಯಾಗಿವೆ, ಐಸಿನಿಂದ ಹೊರಗೆ ತುಂಬ ಹೊತ್ತು ಬಿಟ್ಟಿದ್ದಾರೆ ಎಂದು ಬರೆದೆ. ನಿನ್ನ ಜೊತೆ ರಿವೆಟ್ ಹೊಡೆಯುತ್ತಿದ್ದ ಟೆಡ್ ಮನೆ ಬಾಗಿಲಿಗೇ ಬಂದು ಕೂಗಾಡಿದ. "ನಿನ್ ಗಂಡ ಗಡಿಯಾರ ನೋಡ್ದೆ ಒಂದ್ ರಿವೆಟ್ಟೂ ಮುಟ್ಟೋನಲ್ಲ ಕಣಮ್ಮ. ನಂಗೆ ಉಚ್ಚೆಗೆ ಹೋಗಕ್ಕೂ ಬಿಡ್ತಿರ್ಲಿಲ್ಲ!"

ಆ ರಿವೆಟ್‌ಗಳ ಮಿಶ್ರಲೋಹದ ಸ್ವಭಾವ ನಿನಗೆ ಗೊತ್ತಿದೆ, ಕಾರಣವನ್ನು ನಾನೇ ಹಿಂದೊಮ್ಮೆ ಹೇಳಿದ್ದೆ. ಬಿಸಿ ಅಲ್ಯೂಮಿನಿಯಂ ಅನ್ನು ಥಟ್ಟನೆ ನೀರಿಗೆ ಹಾಕಿದರೆ, ಪರಮಾಣುಗಳ ಸಾಲಿನಲ್ಲಿ ಅಲ್ಲಲ್ಲಿ ಒಂದೊಂದು ಜಾಗ ಖಾಲಿ ಉಳಿಯುತ್ತದೆ. ಅದರಲ್ಲಿ ಬೆರೆತ ತಾಮ್ರದ ಪರಮಾಣುಗಳು ಆ ಖಾಲಿ ಜಾಗಗಳನ್ನು ಹಿಡಿದು ಸರಿಯುತ್ತ ಗುಂಪುಗೂಡುತ್ತವೆ, ಕೆಲವೇ ಗಂಟೆಗಳಲ್ಲಿ ಲೋಹ ಗಟ್ಟಿಯಾಗಿ, ಹೊಡೆದರೆ ಬಿರುಕು ಬಿಡುತ್ತದೆ. ಐಸ್ ಅವನ್ನು ತಡೆದಿಡುತ್ತದೆ, ಅಷ್ಟೇ. "ನಿಮ್ ತಾಮ್ರಕ್ಕೆ ಕಾಲಿದ್ಯೇನೇ?" ಎಂದು ನಕ್ಕಿದ್ದೆ ನೀನು.

ಈಗ ನಮ್ಮಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದಿದೆ. ಖಾಲಿ ಜಾಗಗಳು ಒಂದೆಡೆ ಸೇರಿದಾಗ ಪುಟ್ಟ ಕಪ್ಪು ಉಂಗುರಗಳಂತೆ ಕಾಣುತ್ತವೆ. ಕತ್ತಲೆ ಕೋಣೆಯಲ್ಲಿ ಒಬ್ಬಳೇ ಅವನ್ನು ನೋಡುತ್ತ ಕೂರುತ್ತೇನೆ. ಕೆಲವು ದಿನ ಸಂಜೆಯವರೆಗೆ ಯಾರ ಜೊತೆಗೂ ಒಂದು ಮಾತೂ ಆಡಿರುವುದಿಲ್ಲ.

ಕಳೆದ ತಿಂಗಳು ಹಳೆಯ ದಾಖಲೆ ಪುಸ್ತಕ ತಿರುವುವಾಗ ತಪ್ಪು ಕಣ್ಣಿಗೆ ಬಿತ್ತು. ರಿವೆಟ್‌ಗಳು ಬಂದದ್ದು ಸೋಮವಾರ ಮಧ್ಯಾಹ್ನ, ಗಟ್ಟಿತನ ಅಳೆದದ್ದು ಬುಧವಾರ ಬೆಳಿಗ್ಗೆ. ನಡುವಿನ ಮಂಗಳವಾರ ಕುದುರೆ ಪಂದ್ಯದ ರಜೆ, ಮೆಲ್ಬರ್ನ್ ಕಪ್. ಸೋಮವಾರವೇ ನಮ್ಮವರು ಹಬ್ಬ ಶುರುಮಾಡಿದ್ದರು. ಐಸಿನಲ್ಲಿ ಬಂದ ರಿವೆಟ್ ಪೊಟ್ಟಣ ಇಡೋಣವೆಂದು ಹೋದರೆ ಪ್ರಯೋಗಾಲಯದ ಫ್ರಿಜ್ ತುಂಬ ಬಿಯರ್ ಬಾಟಲಿ. "ಹತ್ ನಿಮಿಷ ತಡ್ಕೊಳೇ ನೋಲಾ, ಹೇಗೂ ಖಾಲಿ ಮಾಡ್ತೀವಲ್ಲ," ಅಂದರು ಮೇಲಧಿಕಾರಿ ಹ್ಯಾಲಮ್. ಕಿಟಕಿಯ ಕಟ್ಟೆಯ ಮೇಲಿಟ್ಟೆ. ಎರಡು ದಿನ ಅಲ್ಲೇ ಇದ್ದವು. ಅವು ಗಟ್ಟಿಯಾದದ್ದು ನನ್ನ ಕಿಟಕಿಯಲ್ಲಿ, ನಿನ್ನ ಕೈಯಲ್ಲಲ್ಲ.

ಬಿರುಕು ಏಕೆ ಬಂತೆಂದು ನನಗೆ ಈಗಲೂ ಗೊತ್ತಿಲ್ಲ. ರಿವೆಟ್ ಕಾಯಿಸುವ ಕುಲುಮೆಯ ಕಾವು ತಪ್ಪಿರಬಹುದು. ಪರೀಕ್ಷಿಸಿ ಹೇಳಲು ಆ ರಿವೆಟ್‌ಗಳೂ ಉಳಿದಿಲ್ಲ. ನೀನು ಹೊಣೆಯೆನ್ನಲು ಯಾವ ಸಾಕ್ಷಿಯೂ ಇಲ್ಲವೆಂಬುದು ಮಾತ್ರ ಖಚಿತ. ಕಾರ್ಖಾನೆಗೆ ತಿದ್ದುಪಡಿ ವರದಿಯನ್ನು ನಿನ್ನೆ ಅಂಚೆಗೆ ಹಾಕಿದೆ. ಹ್ಯಾಲಮ್ ಅವರಿಗೆ ಹೇಳಿದಾಗ, "ಏಳ್ ವರ್ಷದ ಹಿಂದಿನ ಹೆಣ ಯಾಕಮ್ಮಾ ಅಗೀತೀಯಾ? ಕೆಲ್ಸ ಹೋಗತ್ತೆ," ಅಂದರು. ಹೋಗಬಹುದು.

ಹೋಬಾರ್ಟ್‌ನಲ್ಲಿ ನೀನು ದೋಣಿಗಳಿಗೆ ತಗಡು ಹೊಡೆಯುತ್ತಿದ್ದೀ ಎಂದು ಟೆಡ್ ಹೆಂಡತಿ ಹೇಳಿದಳು. ಚಳಿಗೆ ನಿನ್ನ ಬೆರಳು ಮರಗಟ್ಟುತ್ತಿದ್ದವಲ್ಲ, ಈಗ ಹೇಗಿವೆ? ನಾನು ಚೆನ್ನಾಗಿದ್ದೇನೆ. ಮಾಂಸದಂಗಡಿಯವ ಈಗ ಎಷ್ಟು ಬೇಕೆಂದು ಕೇಳದೆಯೇ ಒಂದೇ ತುಂಡು ಕಟ್ಟಿಕೊಡುತ್ತಾನೆ.

ಇಂತಿ,
ನೋಲಾ

ಮರೆತ ಮಾತು: ಮರೆತದ್ದಲ್ಲ. ಕಳೆದ ತಿಂಗಳು ಗೊತ್ತಾಯಿತು ಎಂದೆನಲ್ಲ, ಅದು ಸುಳ್ಳು. ಆ ಬುಧವಾರ ಅಳತೆ ಮಾಡುವಾಗಲೇ ಪೊಟ್ಟಣ ಒದ್ದೆಯಾಗಿ, ಕೈಗೆ ಬೆಚ್ಚಗಿತ್ತು. ನನ್ನೊಬ್ಬಳ ಸಹಿಯಿಂದ ಹೋಗುವ ಮೊದಲ ವರದಿ ಅದು. ರಿವೆಟ್‌ಗಳು ನನ್ನಿಂದಲೇ ಹಾಳಾದವೆಂದು ಹೇಳಲು ಬಾಯಿ ಬರಲಿಲ್ಲ. ಸಂಜೆ ನೀನು, "ಸರಿಯಾಗೇ ಅಳ್ದಿದ್ದೀಯಾ, ನೋಲಾ?" ಎಂದು ಕೇಳಿದೆ. "ಯಂತ್ರ ಸುಳ್ಳು ಹೇಳಲ್ಲ," ಅಂದೆ. ಕಾರ್ಖಾನೆಗೆ ಕಳಿಸಿದ ತಿದ್ದುಪಡಿಯಲ್ಲಿ ಇದೆಲ್ಲವನ್ನೂ ಬರೆದಿದ್ದೇನೆ. ನಿನಗೆ ಬರೆಯುವಾಗ ಮಾತ್ರ ಕೈ ಬರಲಿಲ್ಲ.